ಇದನ್ನು ಯಾರಾದರೂ ಬಳಸುತ್ತಿದ್ದೀರಾ?

1991ರ ಜನವರಿ ಮೊದಲ ವಾರದಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಕಂತಿನ ಲೆಕ್ಕದಲ್ಲಿ ಒಂದು ಕಂಪ್ಯೂಟರ್ ಕೊಂಡರು. ಇಂಟೆಲ್‌ನ 386 ಪ್ರೊಸೆಸರ್, 33 ಮೆಗಾಹರ್ಟ್ಸ್ ವೇಗ, 4 ಎಂಬಿ ಮೆಮೊರಿ. ಆಗ ಅವರಿಗೆ 21 ವರ್ಷ. ಆ ಚಿಪ್ಪಿನ ಒಳಗುಟ್ಟು ತಿಳಿಯಬೇಕೆಂಬ ಹುಚ್ಚಿನಲ್ಲಿ ಬರೆಯುತ್ತಾ ಹೋದದ್ದು ಅದೇ ಸೆಪ್ಟೆಂಬರಿನಲ್ಲಿ ಲಿನಕ್ಸ್ ಕರ್ನಲ್ಲಿನ, ಅಂದರೆ ಕಾರ್ಯಾಚರಣೆ ವ್ಯವಸ್ಥೆಯ ತಿರುಳಿನ, ಮೊದಲ ಆವೃತ್ತಿಯಾಗಿ ಹೊರಬಂತು. ಸುಮಾರು ಹತ್ತು ಸಾವಿರ ಸಾಲು. 386ಕ್ಕೆ ಅದು ಎಷ್ಟು ಅಂಟಿಕೊಂಡಿತ್ತೆಂದರೆ, ಬೇರೆ ಯಂತ್ರಕ್ಕೆ ಇದನ್ನು ಒಯ್ಯಲಾಗದು ಎಂದು ಅವರೇ ಮೊದಲು ಹೇಳಿಬಿಟ್ಟಿದ್ದರು.

ಹೇಳಿದ ಮಾತು ಸುಳ್ಳಾಯಿತು. ಲಿನಕ್ಸ್ ಫೋನಿನಿಂದ ಸೂಪರ್ ಕಂಪ್ಯೂಟರಿನವರೆಗೆ ಹಬ್ಬಿತು. ಆದರೆ 2012ರ ಡಿಸೆಂಬರಿನಲ್ಲಿ, ಯಾವ ಚಿಪ್ಪಿಗಾಗಿ ಹುಟ್ಟಿತ್ತೋ ಆ ಚಿಪ್ಪನ್ನೇ ಹೊರಗೆ ಹಾಕುವ ಬದಲಾವಣೆ ಟೊರ್ವಾಲ್ಡ್ಸ್ ಮುಂದೆ ಬಂತು. 386ರ ಕೋಡ್ ಕಿತ್ತವರು ಕರ್ನಲ್ ಬಳಗದ ಪೀಟರ್ ಆನ್ವಿನ್. ಅದನ್ನು ಕಳಿಸಿಕೊಟ್ಟವರು ಅದೇ ಬಳಗದ ಇಂಗೋ ಮೊಲ್ನಾರ್. ನಿಮ್ಮ 1991ರ ಆ ಹಳೆಯ ಯಂತ್ರದಲ್ಲಿ ಇನ್ನು ಹೊಸ ಲಿನಕ್ಸ್ ಏಳುವುದಿಲ್ಲವಲ್ಲ ಎಂದು ಮೊಲ್ನಾರ್ ಅಳುಮುಖದ ತಮಾಷೆಯನ್ನೂ ಸೇರಿಸಿದ್ದರು. ಟೊರ್ವಾಲ್ಡ್ಸ್ ಉತ್ತರ ಒಂದೇ ಸಾಲು: ತಾನು ಭಾವುಕನಲ್ಲ, ತೊಲಗಿದ್ದೇ ಒಳ್ಳೆಯದು. 2013ರ ಫೆಬ್ರವರಿಯಲ್ಲಿ ಬಂದ 3.8ನೇ ಆವೃತ್ತಿಯಲ್ಲಿ 386 ಇರಲಿಲ್ಲ.

ಇಂಟೆಲ್ ಆ ಚಿಪ್ಪನ್ನು ಹೊರತಂದದ್ದು 1985ರಲ್ಲಿ. ತಯಾರಿಕೆ ನಿಲ್ಲಿಸಿದ್ದು 2007ರಲ್ಲಿ. ಹಾಗಾದರೆ 2012ರ ಹೊತ್ತಿಗೆ ಅದರ ಕೋಡ್ ಮೂಲೆಯಲ್ಲಿ ಸುಮ್ಮನೆ ಬಿದ್ದಿದ್ದರೆ ಯಾರ ಗಂಟೇನು ಹೋಗುತ್ತಿತ್ತು? ಅಟ್ಟದ ಮೇಲಿನ ಹಿತ್ತಾಳೆ ಕೊಳಗ ಊಟ ಕೇಳುವುದಿಲ್ಲ. ಕೋಡ್ ಕೇಳುತ್ತದೆ. ಮೆಮೊರಿಯ ಒಂದು ಪುಟಕ್ಕೆ ‘ಇಲ್ಲಿ ಬರೆಯಕೂಡದು’ ಎಂದು ಗುರುತು ಹಾಕಿದ್ದರೂ ಕರ್ನಲ್ಲೇ ಬರೆಯಲು ಹೋದರೆ 386 ತಡೆಯುತ್ತಿರಲಿಲ್ಲ. ಆ ತಪ್ಪನ್ನು ಕರ್ನಲ್ ತನ್ನ ಕೈಯಾರೆ ಸರಿಪಡಿಸಿಕೊಳ್ಳಬೇಕಿತ್ತು. ಒಂದು ಬೆಲೆಯನ್ನು ಹೋಲಿಸಿ, ಸರಿಹೊಂದಿದರಷ್ಟೇ ಬದಲಿಸಿ, ಎರಡನ್ನೂ ಒಂದೇ ಏಟಿಗೆ ಮುಗಿಸುವ ಆದೇಶ ಅದರ ಮುಂದಿನ ಚಿಪ್ಪಾದ 486ರಲ್ಲಿ ಬಂತು, 386ರಲ್ಲಿ ಇರಲಿಲ್ಲ. ಹಲವು ಪ್ರೊಸೆಸರುಗಳು ಒಟ್ಟಿಗೆ ಕೆಲಸ ಮಾಡುವ ಇಂದಿನ ಯಂತ್ರಗಳಲ್ಲಿ ಇಡೀ ಬೀಗದ ವ್ಯವಸ್ಥೆ ನಿಂತಿರುವುದೇ ಅಂಥ ಆದೇಶಗಳ ಮೇಲೆ. ಹೀಗಾಗಿ ಆ ಭಾಗವನ್ನು ಯಾರು ಮುಟ್ಟಿದರೂ, ಕಣ್ಣಿಗೆ ಕಾಣದ ಒಂದು 386ರ ಮರ್ಜಿಯನ್ನೂ ಕಾಯಬೇಕಿತ್ತು. ಮೊಲ್ನಾರ್ ದೂರಿದ್ದು ಇದನ್ನೇ: ವರ್ಷಗಟ್ಟಲೆ ಹೆಚ್ಚಿನ ಕೆಲಸ.

ಆ 386ಗಳನ್ನು ಆಗ ಎಷ್ಟು ಜನ ಬಳಸುತ್ತಿದ್ದರು? ಈ ಪ್ರಶ್ನೆಗೆ ಉತ್ತರ ಹೇಳಬಲ್ಲವರು ಯಾರೂ ಇರಲಿಲ್ಲ. ಮುಕ್ತ ತಂತ್ರಾಂಶದ ಎಲ್ಲ ತಕರಾರುಗಳೂ ಶುರುವಾಗುವುದು ಅಲ್ಲಿಂದಲೇ.

ಮಾರುವ ತಂತ್ರಾಂಶಕ್ಕೆ ಬಿಲ್ಲು ಇರುತ್ತದೆ, ಗಿರಾಕಿಗಳ ಪಟ್ಟಿ ಇರುತ್ತದೆ. ಮುಕ್ತ ತಂತ್ರಾಂಶವನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ನಕಲು ಮಾಡಿ ಪಕ್ಕದವರಿಗೆ ಕೊಡಬಹುದು, ಕಾರ್ಖಾನೆಯ ಯಂತ್ರದ ಹೊಟ್ಟೆಯೊಳಗೆ ಕೂರಿಸಿ ಹದಿನೈದು ವರ್ಷ ಮರೆತೂಬಿಡಬಹುದು. ಲಿನಕ್ಸ್ ಕಟ್ಟಿ ಹಂಚುವ ಡೆಬಿಯನ್ ಬಳಗ ಯಾವ ಪ್ಯಾಕೇಜು ಎಷ್ಟು ಯಂತ್ರಗಳಲ್ಲಿದೆ ಎಂದು ಎಣಿಸುವ ಒಂದು ಪದ್ಧತಿ ಇಟ್ಟುಕೊಂಡಿದೆ. ಆದರೆ ತಾವಾಗಿ ಒಪ್ಪಿದವರ ಯಂತ್ರ ಮಾತ್ರ ಆ ಎಣಿಕೆಗೆ ಬರುತ್ತದೆ. ಬ್ಯಾಂಕಿನ ಸರ್ವರು, ಆಸ್ಪತ್ರೆಯ ಉಪಕರಣ, ಹಳ್ಳಿ ಶಾಲೆಯ ಹಳೇ ಡಬ್ಬಿ ಕೈ ಎತ್ತಿ ‘ಹಾಜರ್’ ಎನ್ನುವುದಿಲ್ಲ. ಮೌನವಿದೆ ಎಂದಮಾತ್ರಕ್ಕೆ ಬಳಕೆದಾರರಿಲ್ಲ ಎಂದು ತೀರ್ಮಾನಿಸುವಂತಿಲ್ಲ.

ಹಾಗಾಗಿ ಹಲವರು ಹಿಡಿದದ್ದು ಒರಟು ದಾರಿ: ತೆಗೆದು ನೋಡುವುದು, ಕೂಗು ಎದ್ದರೆ ಮರಳಿ ಇಡುವುದು. ಬಳಕೆದಾರರ ಪ್ರೋಗ್ರಾಮು ಮುರಿಯುವ ಬದಲಾವಣೆ ಕರ್ನಲ್ಲಿಗೆ ಬರಕೂಡದು ಎಂಬುದು ಟೊರ್ವಾಲ್ಡ್ಸ್ ಅವರ ಕಟ್ಟುನಿಟ್ಟು. ಅದನ್ನು ಮೀರಿದವರಿಗೆ ಅವರು ಬೈದದ್ದು ಊರಿಗೇ ಗೊತ್ತು. ಅದೇ ಕಟ್ಟಳೆಗೆ ಇನ್ನೊಂದು ಮಗ್ಗುಲೂ ಇದೆ. ಮುರಿದದ್ದು ಯಾರ ಗಮನಕ್ಕೂ ಬರದಿದ್ದರೆ ಅದು ಮುರಿದಂತೆಯೇ ಅಲ್ಲ.

ಲಿನಕ್ಸ್ ಹಂಚುವ ಇನ್ನೊಂದು ಬಳಗವಾದ ಉಬುಂಟುವಿಗೆ ಈ ಪರೀಕ್ಷೆಯ ಬಿಸಿ ತಟ್ಟಿದ್ದು 2019ರ ಜೂನ್‌ನಲ್ಲಿ. ಮುಂದಿನ ಆವೃತ್ತಿಯಿಂದ 32 ಬಿಟ್‌ನ ಪ್ಯಾಕೇಜುಗಳು ಇರುವುದಿಲ್ಲ ಎಂದು 18ನೇ ತಾರೀಕು ಘೋಷಣೆಯಾಯಿತು. 32 ಬಿಟ್ ಯಂತ್ರ ಇಟ್ಟುಕೊಂಡವರು ಬೆರಳೆಣಿಕೆಯವರೇ ಇದ್ದಿರಬಹುದು. ಆದರೆ ಹೊಸ ಯಂತ್ರಗಳಲ್ಲೇ ಹಳೆಯ ಆಟಗಳನ್ನು ಆಡುವವರು ಬಹಳ ಜನರಿದ್ದರು, ಆ ಆಟಗಳಿಗೆ 32 ಬಿಟ್‌ನ ಲೈಬ್ರರಿಗಳು ಬೇಕಿದ್ದವು. ಸ್ಟೀಮ್ ಆಟಗಳ ಕಡೆಯಿಂದಲೂ, ವಿಂಡೋಸ್ ಪ್ರೋಗ್ರಾಮುಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್ ಕಡೆಯಿಂದಲೂ ಗದ್ದಲ ಎದ್ದಿತು. ವಾರ ತುಂಬುವುದರೊಳಗೆ, 24ರಂದು, ಆಯ್ದ ಪ್ಯಾಕೇಜುಗಳನ್ನು ಉಳಿಸಿಕೊಳ್ಳುತ್ತೇವೆ ಎಂಬ ಎರಡನೆಯ ಘೋಷಣೆ ಬಂತು. ಯಂತ್ರವನ್ನು ಎಣಿಸಿದವರು ಅದರೊಳಗಿನ ಬಳಕೆಯನ್ನು ಎಣಿಸಿರಲಿಲ್ಲ.

ಇದಕ್ಕೆ ವಿರುದ್ಧದ ಪಾಠವೂ ಇದೆ. ಅದನ್ನು ಕಲಿಸಿದ್ದು ಅಳಿಸದೆ ಬಿಟ್ಟ ಕೋಡ್.

2014ರ ಏಪ್ರಿಲ್ 7ರಂದು ಹಾರ್ಟ್‌ಬ್ಲೀಡ್ ಎಂಬ ದೋಷ ಬಯಲಿಗೆ ಬಂತು. ವೆಬ್‌ಸೈಟುಗಳ ಗುಟ್ಟಿನ ಮಾತುಕತೆ ಕಾಯುವ ಓಪನ್ಎಸ್ಎಸ್ಎಲ್‌ನಲ್ಲಿ ‘ಹೃದಯ ಬಡಿತ’ ಎಂಬ ಪುಟ್ಟ ಸೌಲಭ್ಯವೊಂದಿತ್ತು. ಸಂಪರ್ಕ ಜೀವಂತವಾಗಿದೆಯೇ ಎಂದು ಆಗಾಗ ತಟ್ಟಿ ನೋಡುವುದಷ್ಟೇ ಅದರ ಕೆಲಸ. 2012ರ ಮಾರ್ಚ್‌ನ 1.0.1ನೇ ಆವೃತ್ತಿಯೊಂದಿಗೆ ಬಂದಿತ್ತು, ತಾನಾಗಿಯೇ ಚಾಲೂ ಇರುತ್ತಿತ್ತು. ಸಾಮಾನ್ಯ ವೆಬ್‌ಸೈಟು ನಡೆಸುವ ಬಹುಪಾಲು ಮಂದಿಗೆ ಅದರ ಅಗತ್ಯವೂ ಇರಲಿಲ್ಲ, ಇದೆಯೆಂಬ ಸುಳಿವೂ ಇರಲಿಲ್ಲ. ನಾಲ್ಕು ಅಕ್ಷರ ಕಳಿಸಿ ‘ಅರವತ್ತು ಸಾವಿರ ಅಕ್ಷರ ಕಳಿಸಿದ್ದೇನೆ, ವಾಪಸ್ ಕೊಡು’ ಎಂದರೆ ಸರ್ವರು ಎಣಿಸಿ ನೋಡದೆ ತನ್ನ ಮೆಮೊರಿಯಲ್ಲಿ ಪಕ್ಕಕ್ಕಿದ್ದದ್ದನ್ನೆಲ್ಲ ಸೇರಿಸಿ ಒಪ್ಪಿಸಿಬಿಡುತ್ತಿತ್ತು. ಒಮ್ಮೆಗೆ 64 ಕೆಬಿ. ಅದರಲ್ಲಿ ಪಾಸ್‌ವರ್ಡ್ ಇರಬಹುದು, ಗುಟ್ಟಿನ ಕೀಲಿಯೇ ಇರಬಹುದು. ಅರ್ಧ ಅಂತರ್ಜಾಲ ನೆಚ್ಚಿಕೊಂಡಿದ್ದ ಆ ಯೋಜನೆಗೆ ಆಗ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್.

ಇನ್ನೊಂದು ಮುಕ್ತ ಕಾರ್ಯಾಚರಣೆ ವ್ಯವಸ್ಥೆಯಾದ ಓಪನ್‌ಬಿಎಸ್‌ಡಿಯ ಬಳಗದವರು ಆ ಕೋಡನ್ನು ತೆರೆದು ಕೂತರು. ಅಲ್ಲಿ ಕಂಡದ್ದು ಪ್ರಾಚ್ಯವಸ್ತು ಸಂಗ್ರಹಾಲಯ. ವಿಎಂಎಸ್ ಎಂಬ ಹಳೆಯ ಕಾರ್ಯಾಚರಣೆ ವ್ಯವಸ್ಥೆಗೆ ಬೇಕಾದ ಕೋಡ್, 16 ಬಿಟ್ ವಿಂಡೋಸ್‌ಗೆ ಬೇಕಾದ ಕೋಡ್, ಹಳೆಯ ಮ್ಯಾಕ್‌ಗೆ ಬೇಕಾದ ಕೋಡ್. ಬೈಟುಗಳನ್ನು ತಿರುಗುಮುರುಗಾಗಿ ಜೋಡಿಸುವ ಎಎಂಡಿ 64 ಯಂತ್ರಕ್ಕೂ ಅಲ್ಲಿ ಬೆಂಬಲವಿತ್ತು. ಅಂಥ ಯಂತ್ರವನ್ನು ಈ ಭೂಮಿಯ ಮೇಲೆ ಯಾರೂ ತಯಾರಿಸಿಯೇ ಇಲ್ಲ. ಮೊದಲ ವಾರದಲ್ಲೇ ಸುಮಾರು 90,000 ಸಾಲು ಕಿತ್ತು ಹಾಕಿದರು. ಉಳಿದದ್ದಕ್ಕೆ ಲಿಬ್ರೆಎಸ್ಎಸ್ಎಲ್ ಎಂದು ಹೆಸರಿಟ್ಟರು. ಮೇ ತಿಂಗಳಲ್ಲಿ ಆ ಬಳಗದ ಬಾಬ್ ಬೆಕ್ ಈ ಕಥೆಯನ್ನೆಲ್ಲ ಒಂದು ಸಮ್ಮೇಳನದಲ್ಲಿ ಬಿಡಿಸಿ ಹೇಳಿದಾಗ ಸಭೆಗೆ ನಗುವುದೋ ಹೆದರುವುದೋ ತಿಳಿದಿರಲಾರದು.

ಆದರೆ ಇಲ್ಲೊಂದು ಸ್ವಾರಸ್ಯವಿದೆ. ಲಿಬ್ರೆಎಸ್ಎಸ್ಎಲ್‌ನವರು ಮೊದಲ ದಿನಗಳಲ್ಲೇ ತಿಪ್ಪೆಗೆ ಹಾಕಿದ ವಿಎಂಎಸ್ ಕೋಡನ್ನು ಮೂಲ ಓಪನ್ಎಸ್ಎಸ್ಎಲ್ ಬಳಗ ಬಿಟ್ಟುಕೊಡಲಿಲ್ಲ. ಅವರೂ 2016ರ 1.1.0ನೇ ಆವೃತ್ತಿಯ ಹೊತ್ತಿಗೆ ಎಷ್ಟೋ ಹಳೆಯ ಯಂತ್ರಗಳನ್ನು ಕೈಬಿಟ್ಟರು, ವಿಎಂಎಸ್ ಮಾತ್ರ ಉಳಿಯಿತು. ವಿಎಂಎಸ್ ಬಲ್ಲ ರಿಚರ್ಡ್ ಲೆವಿಟ್ಟೆ ಅವರ ಬಳಗದಲ್ಲೇ ಇದ್ದರು, ಅದನ್ನು ನೋಡಿಕೊಳ್ಳುತ್ತಿದ್ದರು. ವಿಎಂಎಸ್ ಬಳಸುವವರ ಲೆಕ್ಕ ಎರಡು ಬಳಗಗಳಿಗೂ ಒಂದೇ ಆಗಿತ್ತು. ಒಂದು ಮನೆಯಲ್ಲಿ ಅದನ್ನು ಆರೈಕೆ ಮಾಡುವವರಿದ್ದರು, ಇನ್ನೊಂದರಲ್ಲಿ ಇರಲಿಲ್ಲ.

ಹಾರ್ಟ್‌ಬ್ಲೀಡ್‌ನ ಮರುವರ್ಷ ವೆನಂ ಬಂತು. ಒಂದು ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರಿನ ವೇಷ ಕಟ್ಟುವ ಕ್ಯೂಇಎಂಯು ಎಂಬ ತಂತ್ರಾಂಶದಲ್ಲಿ ಫ್ಲಾಪಿ ಡ್ರೈವಿನದ್ದೂ ಒಂದು ವೇಷವಿತ್ತು. ಅದರ ಕೋಡಿನಲ್ಲಿ 2004ರಿಂದ ಅಡಗಿದ್ದ ತೂತಿನ ಮೂಲಕ ಒಳಗಿನ ಯಂತ್ರದಿಂದ ಹೊರಗಿನ ಯಂತ್ರಕ್ಕೆ ನುಸುಳಬಹುದಿತ್ತು. ‘ನಮಗೆ ಫ್ಲಾಪಿ ಬೇಡ’ ಎಂದು ಬಂದ್ ಮಾಡಿಟ್ಟವರೂ ಬಚಾವಾಗಲಿಲ್ಲ. ಇನ್ನೊಂದು ದೋಷದಿಂದಾಗಿ ಆ ಕೋಡ್ ಬಾಗಿಲ ಹಿಂದೆ ಎಚ್ಚರವಾಗಿಯೇ ಇತ್ತು. 2015ರಲ್ಲಿ ಕ್ಲೌಡ್ ಸರ್ವರುಗಳ ಮಾಲೀಕರು ಫ್ಲಾಪಿಯ ಹೆಸರಿನಲ್ಲಿ ನಿದ್ದೆಗೆಟ್ಟರು.

2021ರ ಡಿಸೆಂಬರಿನ ಲಾಗ್4ಶೆಲ್ ಪ್ರಕರಣ ಇನ್ನೂ ಬೇಸರದ್ದು. ಜಾವಾ ಪ್ರೋಗ್ರಾಮುಗಳು ದಿನಚರಿ ಬರೆಯಲು ಬಳಸುವ ಲಾಗ್4ಜೆ ಎಂಬ ಲೈಬ್ರರಿಗೆ 2013ರಲ್ಲಿ ಬಳಕೆದಾರರೊಬ್ಬರ ಕೋರಿಕೆಯ ಮೇಲೆ ಒಂದು ಸೌಲಭ್ಯ ಸೇರಿತ್ತು: ದಿನಚರಿಯ ಸಾಲಿನಲ್ಲಿ ಒಂದು ವಿಳಾಸ ಕಂಡರೆ ಅಲ್ಲಿಗೆ ಹೋಗಿ ಮಾಹಿತಿ ತರುವುದು. ಆ ವಿಳಾಸವನ್ನು ಹೊರಗಿನ ಪುಂಡನೂ ಬರೆಯಬಹುದು ಎಂಬುದು ಎಂಟು ವರ್ಷ ಯಾರಿಗೂ ಹೊಳೆಯಲಿಲ್ಲ. ಬೆಂಕಿ ಹತ್ತಿಕೊಂಡ ಮೇಲೆ ಅದನ್ನು ನೋಡಿಕೊಳ್ಳುತ್ತಿದ್ದವರಲ್ಲಿ ಒಬ್ಬರಾದ ವೊಲ್ಕಾನ್ ಯಾಜಿಜಿ ಹೇಳಿಕೊಂಡ ಸಂಕಟ ಇಷ್ಟು: ಈ ಸೌಲಭ್ಯ ನಮಗೆ ಯಾರಿಗೂ ಇಷ್ಟವಿರಲಿಲ್ಲ, ಹಳೆಯ ಬಳಕೆದಾರರಿಗೆ ತೊಂದರೆಯಾದೀತೆಂದು ಇಟ್ಟುಕೊಂಡಿದ್ದೆವು. ಸಂಬಳವಿಲ್ಲದ ಕೆಲಸಕ್ಕೆ ನಿದ್ದೆಗೆಟ್ಟು ಕೂತು ಬೈಸಿಕೊಳ್ಳುವವರ ದನಿ ಅದು.

ಕೆಲವು ಸೌಲಭ್ಯಗಳನ್ನು ಅವಸರದಲ್ಲಿ ಕಿತ್ತದ್ದೂ ಉಂಟು. ಗಣಿತದ ಸೂತ್ರಗಳನ್ನು ವೆಬ್ ಪುಟದಲ್ಲಿ ತೋರಿಸುವ ಮ್ಯಾಥ್‌ಎಂಎಲ್ 2013ರ ಆರಂಭದಲ್ಲಿ ಕ್ರೋಮ್‌ನ 24ನೇ ಆವೃತ್ತಿಯಲ್ಲಿ ಬಂತು, 25ರಲ್ಲಿ ಮಾಯವಾಯಿತು. ಕೋಡ್ ಭದ್ರವಾಗಿಲ್ಲ ಎಂಬುದು ಕಾರಣ. ಅದನ್ನು ಮರಳಿ ತರಲು ಸ್ಪೇನಿನ ಇಗಾಲಿಯಾ ಸಂಸ್ಥೆಯವರು ವರ್ಷಗಟ್ಟಲೆ ಹೆಣಗಿದರು. ಮತ್ತೆ ಕಾಣಿಸಿಕೊಂಡದ್ದು 2023ರ ಜನವರಿಯ 109ನೇ ಆವೃತ್ತಿಯಲ್ಲಿ. ಆ ಹತ್ತು ವರ್ಷ ಸೂತ್ರ ಬರೆಯುವವರು ಬೇರೆ ಅಡ್ಡದಾರಿಗಳನ್ನು ಹುಡುಕಿಕೊಂಡರು. ಅಡ್ಡದಾರಿ ಹಿಡಿದವರು ಬಳಕೆಯ ಲೆಕ್ಕದಲ್ಲಿ ಕಾಣುವುದಿಲ್ಲ. ಇಲ್ಲದ ಸೌಲಭ್ಯವನ್ನು ಬಳಸುವವರ ಸಂಖ್ಯೆ ಯಾವಾಗಲೂ ಸೊನ್ನೆಯೇ.

ಕರ್ನಲ್ಲಿನಲ್ಲಿ ಅಳಿಸುವ ಕೆಲಸವನ್ನು ಒಂದು ಕ್ರಮಕ್ಕೆ ತಂದವರಲ್ಲಿ ಜರ್ಮನಿಯ ಆರ್ನ್ಡ್ ಬೆರ್ಗ್‌ಮನ್ ಅವರ ಹೆಸರು ಮೊದಲು ಬರಬೇಕು. ಅವರು ಮಾಡಿದ್ದು ನಮ್ಮಲ್ಲಿ ಜನಗಣತಿಗೆ ಮನೆಮನೆ ಸುತ್ತುವ ಮೇಷ್ಟ್ರ ಕೆಲಸ. 2018ರಲ್ಲಿ ಲಿನಕ್ಸ್ ಬೆಂಬಲಿಸುತ್ತಿದ್ದ ಪ್ರೊಸೆಸರ್ ಕುಲಗಳಲ್ಲಿ ಯಾವುದಕ್ಕೆ ಉಸಿರಿದೆ, ಯಾವುದಕ್ಕಿಲ್ಲ ಎಂದು ಒಂದೊಂದರ ಬಾಗಿಲನ್ನೂ ತಟ್ಟಿದರು. ಹೊಸ ಕರ್ನಲ್ಲನ್ನು ಯಾರಾದರೂ ಇದರಲ್ಲಿ ಓಡಿಸಿದ್ದೀರಾ? ಈಗಿನ ಕಂಪೈಲರ್ ಇದಕ್ಕೆ ಕೋಡ್ ಹುಟ್ಟಿಸುತ್ತದೆಯೇ? ಬದಲಾವಣೆ ಕಳಿಸಿದರೆ ಉತ್ತರ ಕೊಡುವವರಿದ್ದೀರಾ? ಕ್ವಾಲ್‌ಕಾಂನ ಹೆಕ್ಸಾಗನ್‌ನವರು ‘ಇದ್ದೇವೆ’ ಎಂದರು, ಉಳಿದರು. ಎಂಟು ಬಾಗಿಲುಗಳಿಂದ ‘ತೆಗೆಯಬಹುದು’ ಎಂಬ ಉತ್ತರ ಬಂತು, ಇಲ್ಲವೇ ಯಾವ ಉತ್ತರವೂ ಬರಲಿಲ್ಲ.

ಅನಲಾಗ್ ಡಿವೈಸಸ್‌ನ ಬ್ಲ್ಯಾಕ್‌ಫಿನ್. ಸ್ವೀಡನ್ನಿನ ಆಕ್ಸಿಸ್ ಕಂಪನಿ ತನ್ನ ಕ್ಯಾಮೆರಾಗಳಂಥ ಸಾಧನಗಳಲ್ಲಿ ಬಳಸುತ್ತಿದ್ದ ಕ್ರಿಸ್. ಫುಜಿತ್ಸುವಿನ ಎಫ್‌ಆರ್-ವಿ, ಮಿತ್ಸುಬಿಷಿಯಿಂದ ರೆನೆಸಾಸ್ ಕೈಗೆ ಬಂದ ಎಂ32ಆರ್, ಪ್ಯಾನಸಾನಿಕ್‌ನ ಎಂಎನ್10300, ಇಮ್ಯಾಜಿನೇಶನ್‌ನ ಮೆಟಾ, ಸನ್‌ಪ್ಲಸ್‌ನ ಸ್ಕೋರ್, ಟಿಲೆರಾದ ಟೈಲ್. ಹೆಸರು ಓದಿದರೆ ತೊಂಬತ್ತರ ದಶಕದ ಎಲೆಕ್ಟ್ರಾನಿಕ್ಸ್ ಅಂಗಡಿಯ ಬೋರ್ಡು ನೆನಪಾಗುತ್ತದೆ. ಮೆಟಾದ ಕೋಡನ್ನು ನೋಡಿಕೊಳ್ಳುತ್ತಿದ್ದ ಜೇಮ್ಸ್ ಹೋಗನ್ ತಮ್ಮ ಕೈಯಾರೆ ಅದನ್ನು ತೆಗೆಯುವ ಬದಲಾವಣೆ ಬರೆದು ಕಳಿಸಿದರು.

ಎಂಟೂ ಒಂದಕ್ಕೊಂದು ಸಂಬಂಧವಿಲ್ಲದವು, ಆದರೂ ಸತ್ತದ್ದು ಒಂದೇ ರೋಗದಿಂದ ಎಂದು ಬೆರ್ಗ್‌ಮನ್ ಟಿಪ್ಪಣಿ ಬರೆದರು. ಪ್ರತಿಯೊಂದರ ಹಿಂದೆಯೂ ಒಂದೇ ಒಂದು ಕಂಪನಿ. ಚಿಪ್ಪಿನ ವಿನ್ಯಾಸ ಅದರದೇ, ಕಂಪೈಲರ್ ಅದರದೇ, ತಂತ್ರಾಂಶವೂ ಅದರದೇ. ಇಷ್ಟನ್ನೂ ಸಾಕುವುದಕ್ಕಿಂತ ಆರ್ಮ್‌ನಂಥವರ ಸಿದ್ಧ ವಿನ್ಯಾಸಕ್ಕೆ ಪರವಾನಗಿ ಕೊಳ್ಳುವುದೇ ಅಗ್ಗವಾಯಿತು. ಕಂಪನಿಗಳು ಉಳಿದವು, ಅವುಗಳ ಸರಕೂ ಉಳಿಯಿತು, ಒಳಗಿನ ಸ್ವಂತ ಮೆದುಳು ಮಾತ್ರ ಬದಲಾಗಿತ್ತು. 2018ರ ಏಪ್ರಿಲ್ ಮೊದಲ ದಿನಗಳಲ್ಲಿ ಹೆಚ್ಚುಕಡಿಮೆ ಐದು ಲಕ್ಷ ಸಾಲು ಒಂದೇ ಸಲಕ್ಕೆ ಹೊರಬಿದ್ದವು. ಸದಾ ಬೆಳೆಯುವುದನ್ನೇ ಬಲ್ಲ ಕರ್ನಲ್ 4.17ನೇ ಆವೃತ್ತಿಯಲ್ಲಿ ತೂಕ ಇಳಿಸಿಕೊಂಡಿತು.

ಅದೇ ಆವೃತ್ತಿಯಲ್ಲಿ ಒಂದು ಹೊಸ ಕುಲವೂ ಒಳಬಂತು: ತೈವಾನಿನ ಆಂಡೆಸ್ ಕಂಪನಿಯ ಎನ್‌ಡಿಎಸ್32. ಎಂಟು ಹೆಣ ಹೊರಟ ಬಾಗಿಲಲ್ಲೇ ತೊಟ್ಟಿಲು ಒಳಬಂದಂತೆ. ಆಂಡೆಸ್ ಕೂಡ ಮುಂದೆ ರಿಸ್ಕ್-5 ಎಂಬ ಮುಕ್ತ ವಿನ್ಯಾಸದ ಕಡೆ ವಾಲಿತು. 2022ರ 5.18ನೇ ಆವೃತ್ತಿಯಲ್ಲಿ ಆ ಮಗುವನ್ನೂ ತೆಗೆದರು. ನಾಲ್ಕೇ ವರ್ಷ.

ಬೆರ್ಗ್‌ಮನ್ ಅವರ ಮುಂದಿನ ದೊಡ್ಡ ಗುಡಿಸುವಿಕೆ ಹಳೆಯ ಆರ್ಮ್ ಯಂತ್ರಗಳದ್ದು. 2023ರ 6.3ನೇ ಆವೃತ್ತಿಯಲ್ಲಿ, ಒಂದೊಂದು ಯಂತ್ರಕ್ಕೂ ಪ್ರತ್ಯೇಕವಾಗಿ ಬರೆದಿದ್ದ ಬೋರ್ಡ್ ಕಡತಗಳು ರಾಶಿ ರಾಶಿಯಾಗಿ ಹೋದವು. ಅವುಗಳಲ್ಲಿ ಸ್ಟ್ರಾಂಗ್‌ಆರ್ಮ್ ಕುಟುಂಬದ ಚಿಪ್ಪು ಬಳಸಿದ ಹಲವು ಬೋರ್ಡುಗಳಿದ್ದವು. ಬೆಂಗಳೂರಿನವರಿಗೆ ಆ ಹೆಸರಿನೊಂದಿಗೆ ಒಂದು ನಂಟಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್‌ಕೋರ್ ಸಂಸ್ಥೆಯವರೂ ಸೇರಿ ರೂಪಿಸಿದ ಸಿಂಪ್ಯೂಟರ್ ಓಡುತ್ತಿದ್ದದ್ದು ಸ್ಟ್ರಾಂಗ್‌ಆರ್ಮ್ ಚಿಪ್ಪಿನ ಮೇಲೆ, ಲಿನಕ್ಸ್ ಕರ್ನಲ್ಲಿನಲ್ಲಿ. ಓದು ಬಾರದ ಹಳ್ಳಿಗರೂ ಬಳಸಬಹುದಾದ, ಕೈಯಲ್ಲಿ ಹಿಡಿಯುವ ಅಗ್ಗದ ಕಂಪ್ಯೂಟರ್ ಎಂಬುದು ಕನಸು. 2001ರಲ್ಲಿ ಅದು ಜಗತ್ತಿಗೆಲ್ಲ ಸುದ್ದಿಯಾಗಿತ್ತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಿಂದ ಅಮಿದಾ ಸಿಂಪ್ಯೂಟರ್ ಹೊರಬಂತು. ಕರ್ನಾಟಕದಲ್ಲಿ ಜಮೀನಿನ ದಾಖಲೆಯ ಕೆಲಸಕ್ಕೂ ಬಳಕೆಯಾಯಿತು. ಮಾರುಕಟ್ಟೆ ಕೈ ಹಿಡಿಯಲಿಲ್ಲ. ಆ ಚಿಪ್ಪಿಗೆ ಲಿನಕ್ಸ್ ಬೆಂಬಲ ಇಂದಿಗೂ ಪೂರ್ತಿ ಹೋಗಿಲ್ಲ. ನೋಡಿಕೊಳ್ಳುವವರಿದ್ದ ನಾಲ್ಕಾರು ಬೋರ್ಡುಗಳು 2023ರಲ್ಲಿ ಉಳಿದುಕೊಂಡವು. ಅವುಗಳಲ್ಲಿ ಒಂದು ಕಾಂಪ್ಯಾಕ್‌ನ ಐಪ್ಯಾಕ್, ಸಿಂಪ್ಯೂಟರಿನ ಸಮಕಾಲೀನ.

ಬಳಕೆದಾರರ ಸಂಖ್ಯೆಯೇ ಮುಖ್ಯವಾಗಿದ್ದರೆ ಮೊಟೊರೊಲಾದ 68000 ಕುಲ ಎಂದೋ ಹೋಗಬೇಕಿತ್ತು. ಅಮಿಗಾ, ಅಟಾರಿ, ಹಳೆಯ ಮ್ಯಾಕಿಂಟಾಷ್ ಇಟ್ಟುಕೊಂಡವರು ಎಷ್ಟು ಜನ ಇದ್ದಾರು? ಡೆಬಿಯನ್ 2007ರ ತನ್ನ ಅಧಿಕೃತ ಬಿಡುಗಡೆಯಿಂದಲೇ ಅದನ್ನು ಕೈಬಿಟ್ಟಿತ್ತು. ಆದರೆ ಕರ್ನಲ್ಲಿನಲ್ಲಿ ಬೆಲ್ಜಿಯಂನ ಗೇರ್ಟ್ ಔಟರ್‌ಹೂವನ್ ಅದನ್ನು ತೊಂಬತ್ತರ ದಶಕದಿಂದ ಮಗುವಿನಂತೆ ಸಾಕುತ್ತಾ ಬಂದಿದ್ದಾರೆ. 2019ರಲ್ಲಿ ಜಿಸಿಸಿ ಕಂಪೈಲರ್ ಬಳಗ ತನ್ನೊಳಗಿನ ಹಳೆಯ ವ್ಯವಸ್ಥೆಯೊಂದನ್ನು ಕಿತ್ತುಹಾಕುತ್ತೇವೆ, ಹೊಸದಕ್ಕೆ ಬದಲಾಗದ ಚಿಪ್ಪುಗಳು ಹೊರಗೆ ಎಂದು ಗಡುವು ಕೊಟ್ಟಿತು. 68000 ಆ ಪಟ್ಟಿಯಲ್ಲಿತ್ತು. ಅಭಿಮಾನಿಗಳು ಊರ ಜಾತ್ರೆಗೆ ವಂತಿಗೆ ಎತ್ತಿದಂತೆ ಹಣ ಕೂಡಿಸಿ ಬಹುಮಾನ ಘೋಷಿಸಿದರು. ಅದೇ ವರ್ಷದ ಕೊನೆಗೆ ಬೆರ್ನ್ಡ್ ಶ್ಮಿಟ್ ಆ ಕೆಲಸ ಮುಗಿಸಿಕೊಟ್ಟರು. 1977ರ ಯಂತ್ರವಾದ ವ್ಯಾಕ್ಸ್ ಕೂಡ ಮರುವರ್ಷ ಹೀಗೆಯೇ ಒಬ್ಬರ ಶ್ರಮದಿಂದ ದಡ ಸೇರಿತು. 68000ದ ಚಿಪ್ಪು ಬಂದದ್ದು 1979ರಲ್ಲಿ. ತನಗಿಂತ ಇಪ್ಪತ್ತು ವರ್ಷ ಕಿರಿಯವಾದ ಚಿಪ್ಪುಗಳ ಶವಯಾತ್ರೆಯನ್ನು ಅದು ಕುಳಿತು ನೋಡಿದೆ.

ಆ ಕಿರಿಯರಲ್ಲಿ ಎಲ್ಲಕ್ಕಿಂತ ದೊಡ್ಡ ಮನೆಯದು ಇಟೇನಿಯಂ. ಇಂಟೆಲ್ ಮತ್ತು ಎಚ್‌ಪಿ ಸೇರಿ ಕಟ್ಟಿದ್ದು. 2001ರಲ್ಲಿ ಮಾರುಕಟ್ಟೆಗೆ ಬರುವ ಮುಂಚೆಯೇ ಲಿನಕ್ಸ್ ಅದಕ್ಕೆ ಸಿದ್ಧವಾಗಿತ್ತು. ಕೊನೆಯ ಚಿಪ್ಪುಗಳು ರವಾನೆಯಾದದ್ದು 2021ರ ಜುಲೈನಲ್ಲಿ. ಅದಕ್ಕೆ ಮೊದಲೇ ಟೊರ್ವಾಲ್ಡ್ಸ್ ಅದರ ಕೋಡಿಗೆ ‘ಅನಾಥ’ ಎಂಬ ಚೀಟಿ ಅಂಟಿಸಿದ್ದರು. ಕಂಪ್ಯೂಟರ್ ಏಳುವಾಗ ನಡೆಯುವ ಕೋಡನ್ನು ನೋಡಿಕೊಳ್ಳುವ ಆರ್ಡ್ ಬೀಶೂವೆಲ್ ಅವರ ತೊಡಕು ನೇರವಾದದ್ದು: ತಾನು ಮಾಡುವ ಬದಲಾವಣೆ ಇಟೇನಿಯಂನಲ್ಲಿ ಓಡುತ್ತದೋ ಇಲ್ಲವೋ ಪರೀಕ್ಷಿಸಿ ಹೇಳುವವರೇ ಇಲ್ಲ. 2023ರ ನವೆಂಬರಿನಲ್ಲಿ ಸುಮಾರು 65 ಸಾವಿರ ಸಾಲು ಹೋದವು. ಆಗ ಎದ್ದು ನಿಂತರು, ಇಟೇನಿಯಂ ಪ್ರೇಮಿಗಳು. ನಾವು ಬಳಸುತ್ತಿದ್ದೇವೆ, ಉಳಿಸಿ ಎಂದರು. ಟೊರ್ವಾಲ್ಡ್ಸ್ ಬಾಗಿಲು ಮುಚ್ಚಲಿಲ್ಲ. ಹೊರಗೆ ಒಂದು ವರ್ಷ ನೀವೇ ಸಾಕಿ ತೋರಿಸಿ, ಆಮೇಲೆ ಮರಳಿ ತೆಗೆದುಕೊಳ್ಳುವ ಮಾತಾಡೋಣ ಎಂಬ ಷರತ್ತು ಹಾಕಿದರು. 386ರ ಕಾಲದ ‘ತೊಲಗಿತು’ ಎಂಬ ಮಾತಿಗಿಂತ ಇದು ಹದವಾದದ್ದು. ಆ ಪ್ರೇಮಿಗಳು ಹೊರಗಿನಿಂದ ಸಾಕುವ ಕೆಲಸಕ್ಕೆ ಇಳಿದೂಬಿಟ್ಟರು.

ಪೈಥಾನ್ ಭಾಷೆಯವರು ಹೆಚ್ಚು ಸದ್ದಿಲ್ಲದೆ ಇದೇ ಕೆಲಸ ಮಾಡಿದರು. ‘ಬ್ಯಾಟರಿ ಸಮೇತ’ ಎಂಬುದು ಅವರ ಹೆಮ್ಮೆಯ ಘೋಷಣೆಯಾಗಿತ್ತು: ಬೇಕಾದ್ದೆಲ್ಲ ಪೆಟ್ಟಿಗೆಯೊಳಗೇ ಇದೆ. ಕ್ರಿಸ್ಟಿಯನ್ ಹೈಮ್ಸ್ 2019ರಲ್ಲಿ ಮುಂದಿಟ್ಟ ಪ್ರಸ್ತಾವಕ್ಕೆ ಇಟ್ಟ ಹೆಸರೇ ಸತ್ತ ಬ್ಯಾಟರಿಗಳನ್ನು ತೆಗೆಯುವುದು ಎಂದು. ಸನ್ ಕಂಪ್ಯೂಟರುಗಳ ಧ್ವನಿ ಕಡತ ಓದುವುದು, ಟೆಲ್ನೆಟ್, ಮೊದಲ ತಲೆಮಾರಿನ ವೆಬ್ ಪುಟಗಳ ಸಿಜಿಐ, ಹೀಗೆ 19 ಘಟಕಗಳು. 2022ರಲ್ಲಿ ಎಚ್ಚರಿಕೆ ಕೊಡತೊಡಗಿ, 2024ರ ಅಕ್ಟೋಬರಿನ 3.13ರಲ್ಲಿ ತೆಗೆದರು. ಸಿಜಿಐ ಬಿಡಲಾಗದವರು ಅದೇ ಕೋಡನ್ನು ಪ್ರತ್ಯೇಕ ಪ್ಯಾಕೇಜಾಗಿ ಕಟ್ಟಿಕೊಂಡರು. ಯಾರೂ ಸಾಯಲಿಲ್ಲ.

ರೈಸರ್‌ಎಫ್ಎಸ್ ಕಥೆಯನ್ನು ಇಷ್ಟು ಹಗುರವಾಗಿ ಹೇಳಲಾಗದು. ಹಾನ್ಸ್ ರೈಸರ್ ಕಟ್ಟಿದ ಈ ಕಡತ ವ್ಯವಸ್ಥೆ 2001ರಲ್ಲಿ ಕರ್ನಲ್ ಸೇರಿತು. ಕರೆಂಟು ಹೋಗಿ ಯಂತ್ರ ದಿಢೀರನೆ ನಿಂತರೂ ಕಡತಗಳನ್ನು ಬೇಗ ಸುಸ್ಥಿತಿಗೆ ತರುವ ಜರ್ನಲ್ ಪದ್ಧತಿ ಲಿನಕ್ಸ್‌ನ ಮುಖ್ಯ ಕರ್ನಲ್ಲಿಗೆ ಮೊದಲು ಬಂದದ್ದು ಇದರಿಂದ. ಸೂಸೆ ಲಿನಕ್ಸ್ 2006ರವರೆಗೆ ಇದನ್ನೇ ಮೊದಲ ಆಯ್ಕೆಯಾಗಿ ಇಟ್ಟಿತ್ತು. 2008ರಲ್ಲಿ ರೈಸರ್ ತಮ್ಮ ಹೆಂಡತಿಯನ್ನು ಕೊಂದ ಅಪರಾಧಕ್ಕೆ ಜೈಲು ಸೇರಿದರು. ಕೋಡ್ ಮಾತ್ರ ಉಳಿಯಿತು. ಸಣ್ಣಪುಟ್ಟ ತಿದ್ದುಪಡಿಗಳ ಆಸರೆಯಲ್ಲಿ ದಿನ ದೂಡಿತು. 2022ರಲ್ಲಿ ಕರ್ನಲ್ ಬಳಗದ ಮ್ಯಾಥ್ಯೂ ವಿಲ್‌ಕಾಕ್ಸ್ ಪ್ರಶ್ನೆ ಎತ್ತಿದಾಗ ಅಪರಾಧದ ಮಾತೇ ಬರಲಿಲ್ಲ. ತಾನು ಬದಲಿಸಬೇಕಿದ್ದ ಹಳೆಯ ವ್ಯವಸ್ಥೆಯನ್ನು ಹಿಡಿದು ಕೂತ ಕೊನೆಯ ಕೆಲವರಲ್ಲಿ ರೈಸರ್‌ಎಫ್ಎಸ್ ಒಂದು, ಇದನ್ನು ಇನ್ನೂ ಇಟ್ಟುಕೊಳ್ಳಬೇಕೇ ಎಂಬುದಷ್ಟೇ ಅವರ ಪ್ರಶ್ನೆ. ಡಿಸ್ಕಿನಲ್ಲಿರುವುದು ಜನರ ದಾಖಲೆ, ಆದ್ದರಿಂದ ಗಡುವು ಉದ್ದವಾಯಿತು. ಅದೇ ವರ್ಷ ‘ಕೈಬಿಡಲಿದ್ದೇವೆ’ ಎಂಬ ಎಚ್ಚರಿಕೆ, ಮರುವರ್ಷ ‘ಬಳಕೆ ತಪ್ಪಿದ್ದು’ ಎಂಬ ಚೀಟಿ, 2025ರ ಜನವರಿಯ 6.13ರಲ್ಲಿ ಅದೇ ಬಳಗದ ಯಾನ್ ಕಾರಾ ಅವರ ಕೈಯಿಂದ ವಿಸರ್ಜನೆ. ನಡುವೆ ಜೈಲಿನಿಂದ ರೈಸರ್ ಅವರ ಒಂದು ಉದ್ದನೆಯ ಪತ್ರ ಬಂತು. ತೆಗೆಯಬೇಡಿ ಎಂದು ಅವರು ಅಂಗಲಾಚಲಿಲ್ಲ. ತೆಗೆಯುವ ಮುಂಚೆ ಒಮ್ಮೆ, ತಾನು ಕೈಬಿಟ್ಟಿದ್ದ ಮೂವರು ಸಹಕೆಲಸಗಾರರ ಹೆಸರನ್ನು ಪರಿಚಯದ ಕಡತದಲ್ಲಿ ಸೇರಿಸಿ, ಅವರ ಬಗ್ಗೆ ತಾನು ಅಂದಿದ್ದನ್ನು ಅಳಿಸಿಬಿಡಿ ಎಂಬುದಷ್ಟೇ ಕೋರಿಕೆ.

2025ರ ಏಪ್ರಿಲ್‌ನಲ್ಲಿ ಇಂಗೋ ಮೊಲ್ನಾರ್ ಮತ್ತೊಮ್ಮೆ ಬಂದರು. ಈ ಸಲ 486ರ ಸರದಿ. ಅದಕ್ಕಾಗಿ ಇನ್ನು ಒಂದು ಕ್ಷಣ ವ್ಯರ್ಥ ಮಾಡಲೂ ಕಾರಣವಿಲ್ಲ ಎಂಬ ಟೊರ್ವಾಲ್ಡ್ಸ್ ಅವರ ಅಭಿಪ್ರಾಯದ ಬೆನ್ನಿಗೇ, 486ನ್ನೂ ಮೊದಲ ಪೆಂಟಿಯಂ ಕಾಲದ ಕೆಲವನ್ನೂ ತೆಗೆಯುವ ಬದಲಾವಣೆಗಳನ್ನು ಕಳಿಸಿದರು. ಹತ್ತು ಸಾವಿರ ಸಾಲಿನಿಂದ ಹೊರಟ ಕರ್ನಲ್ ಆ ಹೊತ್ತಿಗೆ ನಾಲ್ಕು ಕೋಟಿ ಸಾಲಿನ ಆಸುಪಾಸಿನಲ್ಲಿತ್ತು.

ಆ ನಾಲ್ಕು ಕೋಟಿಯಲ್ಲಿ ಫ್ಲಾಪಿ ಡ್ರೈವಿನ ಕೋಡೂ ಸೇರಿದೆ. ಮೊದಮೊದಲ ಲಿನಕ್ಸ್ ಕೈಯಿಂದ ಕೈಗೆ ಹಂಚಿಹೋದದ್ದು ಫ್ಲಾಪಿಗಳಲ್ಲಿ. 2019ರ ಜುಲೈನಲ್ಲಿ ಅದನ್ನು ನೋಡಿಕೊಳ್ಳುತ್ತಿದ್ದ ಯಿರಿ ಕೋಸಿನಾ ಅವರ ಬಳಿ ಕೆಲಸ ಮಾಡುವ ಫ್ಲಾಪಿ ಡ್ರೈವೇ ಉಳಿದಿರಲಿಲ್ಲ. ಈಗ ಸಿಗುವುದೆಲ್ಲ ಯುಎಸ್‌ಬಿ ಬಾಲದವು, ಅವಕ್ಕೆ ಈ ಕೋಡ್ ಬೇಕಿಲ್ಲ. ಯಂತ್ರದೊಳಗಿನ ಯಂತ್ರಗಳಲ್ಲಷ್ಟೇ ಇದರ ವೇಷ ಉಳಿದಿದೆ ಎಂದು ಬರೆದು ಟೊರ್ವಾಲ್ಡ್ಸ್ ‘ಅನಾಥ’ ಚೀಟಿ ಅಂಟಿಸಿದರು. ಪತ್ರಿಕೆಗಳು ಫ್ಲಾಪಿಗೆ ಶ್ರದ್ಧಾಂಜಲಿ ಬರೆದವು. ಹೆಚ್ಚು ದಿನ ಕಳೆಯಲಿಲ್ಲ, ಡೆನಿಸ್ ಯೆಫ್ರೆಮೊವ್ ಎಂಬುವರು ತಾವು ನೋಡಿಕೊಳ್ಳುತ್ತೇವೆ ಎಂದು ಮುಂದೆ ಬಂದರು. ಯಾವ ಕೋಡಿಗೆ ಯಾರು ದಿಕ್ಕು ಎಂದು ಬರೆದಿಡುವ ಕಡತದಲ್ಲಿ ಫ್ಲಾಪಿಯ ಎದುರಿಗಿದ್ದ ಅನಾಥ ಎಂಬ ಪದ ಹೋಗಿ ಅವರ ಹೆಸರು ಬಂತು. ಸ್ಥಿತಿ ಎಂಬ ಕಲಮಿನಲ್ಲಿ, ಆಗೊಮ್ಮೆ ಈಗೊಮ್ಮೆ ರಿಪೇರಿ.